ಸ್ಲ್ಯಾಬ್ ಮನೆಯಲ್ಲಿ ಕಟ್ಟಿಗೆ ಒಲೆ: ಹೊಗೆಗೆ ದಾರಿ ಬೇಕು, ಕೆಂಡ ಹೊರಗಿರಬೇಕು

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಮಣ್ಣಿನ ಮಾಳಿಗೆ ಮನೆ ಕೆಡವಿ ಹೋದ ವರ್ಷ ಆರ್‌ಸಿಸಿ ಮನೆ ಕಟ್ಟಿಸಿದೆವು. ಗ್ಯಾಸ್ ಇದೆ. ಆದರೆ ಮನೆ ತುಂಬ ಜನ, ಎರಡು ಹೊತ್ತು ಜೋಳದ ರೊಟ್ಟಿ ಆಗಬೇಕು. ಗ್ಯಾಸ್ ಮೇಲೆ ಮಾಡಿದರೆ ಸಿಲಿಂಡರ್ ಬೇಗ ಮುಗಿಯುತ್ತದೆ, ಆ ರೊಟ್ಟಿ ಅತ್ತೆಗೆ ಸೇರುವುದೂ ಇಲ್ಲ. ಅದಕ್ಕೆ ಅಡುಗೆಮನೆಯ ಮೂಲೆಯಲ್ಲೇ ಮಣ್ಣಿನ ಒಲೆ ಹೂಡಿದ್ದೇವೆ. ಹಳೇ ಮನೆಯಲ್ಲಿ ಇಷ್ಟು ಹೊಗೆ ಇರಲಿಲ್ಲ. ಈಗ ಕಣ್ಣು ಉರಿಯುತ್ತದೆ, ರೊಟ್ಟಿ ಮುಗಿಯುವ ಹೊತ್ತಿಗೆ ತಲೆನೋವು ಬರುತ್ತದೆ. ಸೀಮೆಎಣ್ಣೆ ಸಿಗುತ್ತಿಲ್ಲ ಅಂತ ನಮ್ಮ ಯಜಮಾನರು ಬೈಕಿನ ಪೆಟ್ರೋಲನ್ನೇ ಚೂರು ಹಾಕಿ ಹಚ್ಚಿಕೊಡುತ್ತಾರೆ. ನನಗೆ ಅದು ಭಯ. ಇನ್ನೊಂದು ವಿಷಯ: ನಾದಿನಿ ಬಾಣಂತನಕ್ಕೆ ಇಲ್ಲೇ ಇರುತ್ತಾಳೆ. ಚಳಿಗಾಲ, ಹೊರಸಿನ ಕೆಳಗೆ ಕೆಂಡ ಇಡಬೇಕು ಅಂತ ಅತ್ತೆ ಹೇಳುತ್ತಾರೆ. 'ಹೊಗೆ ಆಡಿದರೆ ತಾನೆ ತೊಂದರೆ, ನಿಗಿನಿಗಿ ಕೆಂಡದಿಂದ ಏನೂ ಆಗಲ್ಲ' ಅನ್ನುತ್ತಾರೆ. ಚಿಮಣಿ ಪೈಪ್ ಹಾಕಿಸಿದರೆ ಎಲ್ಲ ಸರಿಹೋಗುತ್ತಾ? ಇಲ್ಲಾ ಒಲೆಯನ್ನೇ ತೆಗೆದುಬಿಡಬೇಕಾ?

ಉತ್ತರ: ಮೊದಲು ಎರಡು ಮಾತು, ಇವತ್ತಿನಿಂದಲೇ ಪಾಲಿಸಬೇಕಾದವು. ಒಲೆಯ ಹತ್ತಿರ ಪೆಟ್ರೋಲ್ ತರಬೇಡಿ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡಬೇಡಿ. ಉಳಿದದ್ದನ್ನೆಲ್ಲ ದುಡ್ಡು, ಜಾಗ, ಪುರುಸೊತ್ತು ನೋಡಿಕೊಂಡು ನಿಧಾನಕ್ಕೆ ಮಾಡಬಹುದು. ಈ ಎರಡಕ್ಕೆ ಕಾಯುವ ಹಾಗಿಲ್ಲ.

ನಾನು ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳನ್ನು ಕಟ್ಟಿಸುವ ಕೆಲಸದಲ್ಲಿದ್ದೇನೆ. ಹೊಸ ಮನೆಗೆ ಹೋದವರು ಬಹಳ ಮಂದಿ ಇದನ್ನೇ ಕೇಳುತ್ತಾರೆ. ಒಲೆ ಅದೇ, ಕಟ್ಟಿಗೆ ಅದೇ, ರೊಟ್ಟಿ ಬಡಿಯುವ ಕೈಯೂ ಅದೇ. ಹಾಗಿದ್ದ ಮೇಲೆ ಹೊಗೆ ಯಾಕೆ ಜಾಸ್ತಿ ಆಯಿತು?

ನಿಮ್ಮ ಹಳೇ ಅಡುಗೆಮನೆಯನ್ನು ನೆನಪು ಮಾಡಿಕೊಳ್ಳಿ. ಮಾಳಿಗೆಗೆ ಒಂದು ಬೆಳಕಿಂಡಿ ಇದ್ದಿರಬೇಕು. ಮಳೆ ಬಂದಾಗ ಯಾರಾದರೂ ಮೇಲೆ ಹತ್ತಿ ಕಲ್ಲು ಮುಚ್ಚುವುದು, ನಿಂತ ಮೇಲೆ ತೆಗೆಯುವುದು. ಬೆಳಕು ಅದರಿಂದ ಇಳಿಯುತ್ತಿತ್ತು, ಹೊಗೆ ಅದರಿಂದಲೇ ಏರುತ್ತಿತ್ತು. ಬಿಸಿ ಹೊಗೆ ಮೇಲಕ್ಕೆ ಹೋದಂತೆ ಬಾಗಿಲ ಕಡೆಯಿಂದ ತಣ್ಣನೆ ಗಾಳಿ ಒಳಗೆ ಬರುತ್ತಿತ್ತು. ಬೆಂಕಿಗೂ ಉಸಿರು, ಮನುಷ್ಯರಿಗೂ ಉಸಿರು.

ಹೊಸ ಮನೆಯಲ್ಲಿ ಸ್ಲ್ಯಾಬಿಗೆ ತೂತು ಬಿಡುವುದಿಲ್ಲ, ಸೋರುತ್ತದೆ ಅಂತ. ಕಿಟಕಿಗೆ ಸ್ಲೈಡಿಂಗ್ ಗಾಜು ಬಂದಿದೆ. ಧೂಳು, ಸೊಳ್ಳೆ ಅಂತ ಅದನ್ನೂ ಎಳೆದಿಡುತ್ತೇವೆ. ಕಿಟಕಿ ತೆರೆದಿದ್ದರೂ ಪೂರ್ತಿ ಪರಿಹಾರ ಆಗುವುದಿಲ್ಲ. ಕಿಟಕಿಯ ಮೇಲಿನ ಲಿಂಟಲ್ ಸಾಮಾನ್ಯವಾಗಿ ಏಳು ಅಡಿಗೆ, ಸ್ಲ್ಯಾಬ್ ಹತ್ತು ಅಡಿಗೆ ಇರುತ್ತದೆ. ನಡುವಿನ ಆ ಮೂರು ಅಡಿಯಲ್ಲಿ ಹೊಗೆ ಸೇರಿ ನಿಲ್ಲುತ್ತದೆ. ಅಲ್ಲಿ ತುಂಬಿದ ಮೇಲೆ ಕೆಳಕ್ಕೆ ಇಳಿಯುತ್ತದೆ. ನಿಮ್ಮ ಅಡುಗೆಮನೆಯ ಗೋಡೆ ನೋಡಿ. ಮಸಿಯ ಗೆರೆ ಕಿಟಕಿಯ ಮೇಲಂಚಿನಿಂದ ಶುರುವಾಗಿದ್ದರೆ ನಾನು ಹೇಳಿದ್ದು ಅಲ್ಲೇ ಬರೆದಿದೆ ಅಂತ ತಿಳಿಯಿರಿ.

ಇನ್ನು ಹೊಗೆ ಅಂದರೆ ಏನು ಅನ್ನುವುದು. ಕಟ್ಟಿಗೆ ಬಿಸಿಯಾದಾಗ ಮೊದಲು ಅದರೊಳಗಿನ ನೀರು ಹೋಗುತ್ತದೆ. ಆಮೇಲೆ ಕಟ್ಟಿಗೆಯೇ ಒಡೆದು ಅನಿಲ ಬಿಡುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲ ಉರಿಯುವುದು. ಒಣ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಹೀಗೆ ಅನಿಲವಾಗಿಯೇ ಹೋಗುತ್ತದೆ. ಒಲೆ ಸಾಕಷ್ಟು ಬಿಸಿ ಇದ್ದು, ಗಾಳಿ ಸಿಕ್ಕರೆ ಅದು ಉರಿದು ರೊಟ್ಟಿಗೆ ಶಾಖ ಕೊಡುತ್ತದೆ. ಇಲ್ಲದಿದ್ದರೆ ಉರಿಯದೆ ಹೊಗೆಯಾಗಿ ನಿಮ್ಮ ಮುಖಕ್ಕೆ ಬರುತ್ತದೆ. ನೀವು ಹೊತ್ತು ತಂದ ಕಟ್ಟಿಗೆ ಸುಮ್ನೆ ದಂಡವಾಗಿ, ಉಳಿದದ್ದು ಪಾತ್ರೆಯ ತಳಕ್ಕೆ ಮಸಿ, ಎದೆಗೆ ಕೆಮ್ಮು.

ಅನಿಲವೆಲ್ಲ ಉರಿದ ಮೇಲೆ ಉಳಿಯುವುದು ಕೆಂಡ. ಅದು ಇಂಗಾಲ. ಇಲ್ಲಿಂದ ನಿಮ್ಮ ಅತ್ತೆಯವರ ಮಾತಿಗೆ ಬರೋಣ.

ಕೆಂಡಕ್ಕೆ ಹೊಗೆ ಇಲ್ಲ ಅನ್ನುವುದು ನಿಜ. ಏನೂ ಆಗಲ್ಲ ಅನ್ನುವುದು ಸುಳ್ಳು. ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಕೆಂಡದ ಮೇಲೆ ಸಣ್ಣಗೆ ನೀಲಿ ಉರಿ ಆಡುವುದನ್ನು ನೀವು ನೋಡಿರುತ್ತೀರಿ. ಆ ಅನಿಲ ಉರಿಯುವಾಗಿನ ಬಣ್ಣ ಅದು. ನೀಲಿ ಉರಿ ಆರಿ, ಕೆಂಡದ ಮೇಲೆ ಬೂದಿ ಕಟ್ಟಿದಾಗ ಅನಿಲ ಉರಿಯದೆ ಹಾಗೇ ಕೋಣೆಗೆ ಸೇರುತ್ತಿರುತ್ತದೆ. ಕೆಂಡ ತಣ್ಣಗಾಗುತ್ತಿದೆ ಅಂತ ನಾವು ಅಂದುಕೊಳ್ಳುವ ಹೊತ್ತೂ ಅಪಾಯದ್ದೇ.

ನಮ್ಮ ರಕ್ತ ಆಮ್ಲಜನಕವನ್ನು ಹೊರುವ ಜಾಗದಲ್ಲೇ ಈ ಅನಿಲ ಹೋಗಿ ಕೂರುತ್ತದೆ. ಅದರ ಹಿಡಿತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ. ಕೋಣೆಯಲ್ಲಿ ಗಾಳಿ ಇದ್ದೂ ಮೈಗೆ ಆಮ್ಲಜನಕ ಸಿಗದ ಹಾಗಾಗುತ್ತದೆ. ಮೊದಲು ತಲೆ ಭಾರ, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ಎಚ್ಚರ ಇದ್ದವರು ಎದ್ದು ಹೊರಗೆ ಹೋಗಬಹುದು. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಈಗ ಬಾಣಂತಿಯ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿದೆ. ಬಾಗಿಲಿಗೆ ಹಳೇ ಸೀರೆ ಕಟ್ಟಿದೆ. ಹೆರಿಗೆಯಲ್ಲಿ ರಕ್ತ ಹೋಗಿ ತಾಯಿ ಸುಸ್ತಾಗಿದ್ದಾಳೆ, ಮಲಗಿದ್ದಾಳೆ. ಪಕ್ಕದಲ್ಲಿ ಕೂಸು. ಕೂಸಿನ ಉಸಿರಾಟ ದೊಡ್ಡವರಿಗಿಂತ ಬಹಳ ಜೋರು, ಮೈತೂಕಕ್ಕೆ ಹೋಲಿಸಿದರೆ ಒಳಗೆ ಎಳೆದುಕೊಳ್ಳುವ ಗಾಳಿಯೂ ಜಾಸ್ತಿ. ಕೆಂಡ ಇರುವುದು ಅವರಿಬ್ಬರ ಸರಿಯಾಗಿ ಕೆಳಗೆ. ಹೊಗೆಯಾದರೂ ಆಗಿದ್ದರೆ ಕೂಸು ಕೆಮ್ಮುತ್ತಿತ್ತು, ಯಾರಾದರೂ ಬಾಗಿಲು ತೆಗೆಯುತ್ತಿದ್ದರು. ಕೆಂಡ ಆ ಸುಳಿವನ್ನೂ ಕೊಡುವುದಿಲ್ಲ. ಮೇಲಿನಿಂದ ಜೋತುಬಿದ್ದ ಕೌದಿಯ ಅಂಚು ಕೆಂಡಕ್ಕೆ ತಾಗಿದರೆ ಅದು ಬೇರೆ ಕಥೆ.

'ನಾವೆಲ್ಲ ಹಾಗೇ ಬೆಳೆದಿದ್ದೇವಲ್ಲ' ಅಂತ ಅತ್ತೆ ಕೇಳಬಹುದು. ಅವರು ಬೆಳೆದ ಮನೆಗೆ ಬೆಳಕಿಂಡಿ ಇತ್ತು, ಕಟ್ಟಿಗೆಯ ಬಾಗಿಲಿಗೆ ಬೆರಳು ತೂರುವಷ್ಟು ಸಂದಿ ಇತ್ತು. ಆಗಲೂ ಇದು ಪೂರ್ತಿ ಸುರಕ್ಷಿತವಾಗಿರಲಿಲ್ಲ. ಈಗಿನ ಸ್ಲ್ಯಾಬ್ ಕೋಣೆ, ಗಾಜಿನ ಕಿಟಕಿ, ಒತ್ತಿ ಕೂರುವ ಬಾಗಿಲಿನಲ್ಲಿ ಅಪಾಯ ಹತ್ತು ಪಾಲು ಅನ್ನಿ. ಅವರಿಗೆ ಬೈದು ಹೇಳಬೇಡಿ. ಕೂಸಿಗೆ ಬೆಚ್ಚಗಿರಬೇಕು ಅನ್ನುವ ಅವರ ಕಾಳಜಿ ಸರಿಯಾದದ್ದೇ. ಆಗತಾನೆ ಹುಟ್ಟಿದ ಮಗುವಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಡಿಸೆಂಬರ್-ಜನವರಿಯ ನಸುಕಿನಲ್ಲಿ ನಮ್ಮ ಕಡೆಯೂ ಚಳಿ ಇರುತ್ತದೆ.

ಬೆಚ್ಚಗಿಡಲು ಬೇರೆ ದಾರಿಗಳಿವೆ. ಎಲ್ಲಕ್ಕಿಂತ ಒಳ್ಳೆಯದು ತಾಯಿಯ ಮೈಯೇ. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ ಹಾಕಿ, ಇಬ್ಬರ ಮೇಲೂ ಸೇರಿಸಿ ಹೊದಿಸಿ. ಮೂಗು ಬಾಯಿ ತೆರೆದಿರಲಿ. ತಾಯಿಗೆ ಎಚ್ಚರ ಇರುವಾಗ ಮಾಡುವುದು ಇದು. ಆಸ್ಪತ್ರೆಯಲ್ಲಿ ತೂಕ ಕಡಿಮೆ ಇರುವ ಮಕ್ಕಳಿಗೂ ಇದನ್ನೇ ಮಾಡಿಸುತ್ತಾರೆ. ಹಗಲು ಕಿಟಕಿ ತೆರೆದು ಬಿಸಿಲು ಒಳಗೆ ಬಿಡಿ, ಸಂಜೆ ಗಾಳಿ ನೇರ ಬರುವ ಕಡೆಯದನ್ನು ಮುಚ್ಚಿ. ಹಾಸಿಗೆಯನ್ನು ಬಿಸಿನೀರಿನ ಚೀಲದಿಂದ ಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವ ಮುಂಚೆ ಚೀಲ ತೆಗೆಯಿರಿ. ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಇದ್ದರೆ, ಅದಕ್ಕೆ ತಕ್ಕ ದೊಡ್ಡ ಪ್ಲಗ್ಗು ಇದ್ದರೆ, ಕೂಸಿನಿಂದ ದೂರ ಇಟ್ಟು ಬಳಸಬಹುದು. ಎರೆದುಕೊಂಡ ಮೇಲೆ ತಲೆಗೆ ಲೋಬಾನದ ಹೊಗೆ ಹಿಡಿಯುವುದು ಕೂಸಿಗೆ ಬೇಡವೇ ಬೇಡ. ಬಾಣಂತಿಗೆ ಬೆಂಕಿ ಕಾಯಿಸಲೇಬೇಕು ಅಂತ ಹಿರಿಯರು ಪಟ್ಟು ಹಿಡಿದರೆ ಅವಳನ್ನು ಅಂಗಳಕ್ಕೋ ತೆರೆದ ಪಡಸಾಲೆಗೋ ಕರೆದುಕೊಂಡು ಬನ್ನಿ. ಕೆಂಡ ಅಲ್ಲೇ ಇರಲಿ, ಕೂಸು ಒಳಗಿರಲಿ.

ಇದೇ ಮಾತು ಬಚ್ಚಲಿನ ನೀರೊಲೆಗೂ. ಒಲೆಯ ಬಾಯಿ ಗೋಡೆಯಿಂದ ಆಚೆ ಇರಬೇಕು, ಹಂಡೆ ಮಾತ್ರ ಒಳಗೆ. ಬಚ್ಚಲ ಒಳಗೆ ಉರಿ ಇಟ್ಟು ಚಿಲಕ ಹಾಕಿಕೊಂಡು ಎರೆದುಕೊಳ್ಳುವುದು ಜೀವಕ್ಕೆ ಅಪಾಯ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಕೂರಿಸುವುದೂ ಅಷ್ಟೇ.

ಹೊಗೆಯ ಬಗ್ಗೆ ಇನ್ನೊಂದು ನಂಬಿಕೆ ನಮ್ಮ ಕಡೆ ಇದೆ. ಹೊಗೆ ಮನೆಗೆ ಒಳ್ಳೆಯದು, ತೊಲೆಗೆ ಹುಳ ಹಿಡಿಯುವುದಿಲ್ಲ ಅಂತ. ಕಟ್ಟಿಗೆಯ ತೊಲೆ, ಜಂತಿ ಇದ್ದ ಮಾಳಿಗೆಯಲ್ಲಿ ಅದರಲ್ಲಿ ಸತ್ಯ ಇತ್ತು. ಸ್ಲ್ಯಾಬಿಗೆ ಯಾವ ಹುಳ? ಮನುಷ್ಯರ ಎದೆಗೆ ಮಾತ್ರ ಆಗಲೂ ಒಳ್ಳೆಯದಾಗಿರಲಿಲ್ಲ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ಬರುವ ಹಳೇ ಕೆಮ್ಮು, ಉಬ್ಬಸ, ಕಣ್ಣಿನ ಪೊರೆ ಇವಕ್ಕೆ ಒಲೆಯ ಹೊಗೆ ಒಂದು ದೊಡ್ಡ ಕಾರಣ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು.

ರೊಟ್ಟಿಯ ರುಚಿ? ಅತ್ತೆಯವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಟ್ಟಿಗೆ ಒಲೆಯ ರೊಟ್ಟಿ ಬೇರೆಯೇ. ಹಂಚಿನಿಂದ ತೆಗೆದು ಒಲೆಯ ಬಾಯಿಗೆ ಆನಿಸಿದಾಗ ಕೆಂಡದ ಝಳಕ್ಕೆ ಅದು ಉಬ್ಬುತ್ತದಲ್ಲ, ಆ ಶಾಖ ಗ್ಯಾಸಿನಲ್ಲಿ ಸಿಗುವುದಿಲ್ಲ. ಆದರೆ ಆ ರುಚಿ ಕೊಡುವುದು ಝಳ. ಹೊಗೆ ಎಷ್ಟು ಕಡಿಮೆಯೋ ರೊಟ್ಟಿ ಅಷ್ಟು ಚೆನ್ನ. ಹೊಗೆಯಲ್ಲಿ ಬೆಂದ ರೊಟ್ಟಿ ಕಮಟು ವಾಸನೆ ಹೊಡೆಯುವುದು ನಿಮಗೂ ಗೊತ್ತು.

ಈಗ ಪೆಟ್ರೋಲ್. ಪೆಟ್ರೋಲಿನಲ್ಲಿ ಉರಿಯುವುದು ದ್ರವ ಅಲ್ಲ, ಅದರಿಂದ ಏಳುವ ಆವಿ. ಮೈನಸ್ 40 ಡಿಗ್ರಿಯ ಹತ್ತಿರವೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲಕ್ಕೆ ಹರಡುತ್ತದೆ. ಒಲೆಯಲ್ಲಿ ನಿನ್ನೆಯ ಒಂದು ಕೆಂಡ ಬೂದಿಯಡಿ ಉಳಿದಿದ್ದರೆ ಸಾಕು, ಕಡ್ಡಿ ಗೀರುವ ಮುಂಚೆಯೇ ಹೊತ್ತುತ್ತದೆ. ಬೆಂಕಿ ಆ ಧಾರೆ ಹಿಡಿದು ಕೈಯಲ್ಲಿರುವ ಬಾಟಲಿಗೆ ಏರುತ್ತದೆ. ಚೂರು ಹಾಕುವುದಕ್ಕೂ ಜಾಸ್ತಿ ಹಾಕುವುದಕ್ಕೂ ಇಲ್ಲಿ ವ್ಯತ್ಯಾಸ ಇಲ್ಲ, ಬಾಟಲಿ ಕೈಯಲ್ಲಿ ಇದ್ದರೆ ಮುಗಿಯಿತು. ಸೀಮೆಎಣ್ಣೆ ಇದಕ್ಕಿಂತ ನಿಧಾನ, ಆದರೆ ಅದನ್ನೂ ನಂಬಬೇಡಿ. 35-40 ಡಿಗ್ರಿಯ ಹೊತ್ತಿಗೆ ಅದೂ ಹೊತ್ತುವಷ್ಟು ಆವಿ ಬಿಡಲು ಶುರು ಮಾಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅಡುಗೆಮನೆ ಅದಕ್ಕಿಂತ ಬಿಸಿ ಇರುತ್ತದೆ ಅಲ್ವಾ? ಸ್ಯಾನಿಟೈಸರ್, ಥಿನ್ನರ್ ಕೂಡ ಬೇಡ. ಸೈಕಲ್ ಟೈರಿನ ತುಂಡು, ಹಾಲಿನ ಪ್ಯಾಕೆಟ್ ಹಚ್ಚುವ ರೂಢಿಯೂ ಇದೆ. ಅದರ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು.

ಯಜಮಾನರು ಪೆಟ್ರೋಲ್ ಯಾಕೆ ಹಾಕುತ್ತಿದ್ದಾರೆ? ಬೆಂಕಿ ಹತ್ತುತ್ತಿಲ್ಲ ಅಂತ. ಯಾಕೆ ಹತ್ತುತ್ತಿಲ್ಲ? ಬಹುಪಾಲು ಕಟ್ಟಿಗೆ ಹಸಿ ಇದೆ ಅಂತ. ಹೀಗಾಗಿ ಒಲೆಗಿಂತ ಮೊದಲು ಕಟ್ಟಿಗೆ ಸರಿಮಾಡಿ.

ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ನೀವು ಒಂದು ಕಿಲೋ ಹಸಿ ಕಟ್ಟಿಗೆ ಒಲೆಗಿಟ್ಟರೆ ಅರ್ಧ ಲೀಟರ್ ನೀರನ್ನು ಮೊದಲು ಕುದಿಸಿ ಹಾರಿಸಬೇಕು. ಒಲೆ ಬಿಸಿಯೇರುವುದೇ ಇಲ್ಲ, ಹೊಗೆ ಆಡುತ್ತದೆ. ನೀರು ಐದನೇ ಒಂದು ಪಾಲಿಗಿಂತ ಕಡಿಮೆ ಆಗುವವರೆಗೆ ಒಣಗಬೇಕು. ನಮ್ಮ ಬಿಸಿಲು ಇದಕ್ಕೆ ದೊಡ್ಡ ಅನುಕೂಲ. ಕಡಿದ ಕೂಡಲೇ ಮುಂಗೈ ದಪ್ಪಕ್ಕೆ ಸೀಳಿ. ಸೀಳದ ದುಂಡು ಕಟ್ಟಿಗೆಯ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ಎರಡು ಸಾಲು ಕಲ್ಲಿನ ಮೇಲೆ, ನೆಲಕ್ಕೆ ತಾಗದಂತೆ ಒಟ್ಟಿ. ಮೇಲೆ ತಗಡೋ ತಾಡಪತ್ರಿಯೋ ಹಾಕಿ, ಪಕ್ಕಗಳನ್ನು ಮಾತ್ರ ಗಾಳಿಗೆ ಬಿಡಿ. ಸುತ್ತಲೂ ಮುಚ್ಚಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಟ್ಟಿದರೆ ಮಳೆಗಾಲದ ಹೊತ್ತಿಗೆ ಸಿದ್ಧ.

ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ಕೊಯ್ದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು. ಉರಿಯುವಾಗ ಹಿಂದಿನ ತುದಿಯಿಂದ ನೊರೆ ಬಂದು ಸುಯ್ ಅಂದರೆ ಅದನ್ನು ಹೊರಗೆಳೆದು ಇನ್ನೊಂದು ತಿಂಗಳು ಬಿಸಿಲಿಗೆ ಹಾಕಿ.

ನಮ್ಮ ಕಡೆ ಸುಲಭಕ್ಕೆ ಸಿಗುವುದು ಬಳ್ಳಾರಿ ಜಾಲಿ. ಗಟ್ಟಿ ಕಟ್ಟಿಗೆ, ನಿಧಾನಕ್ಕೆ ಉರಿಯುತ್ತದೆ, ಒಳ್ಳೆ ಕೆಂಡ ಬೀಳುತ್ತದೆ. ರೊಟ್ಟಿಗೆ ಹೇಳಿ ಮಾಡಿಸಿದ್ದು. ಸೀಳುವಾಗ ಮುಳ್ಳು, ಚಕ್ಕೆ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೇಗ ಹತ್ತುತ್ತವೆ, ಬೇಗ ಮುಗಿಯುತ್ತವೆ. ಹಚ್ಚಲು ಅವು ಚೆಂದ. ಪೂರ್ತಿ ಅಡುಗೆಗೆ ಅವನ್ನೇ ಬಳಸಿದರೆ ಕ್ಷಣಕ್ಷಣಕ್ಕೂ ತುರುಕಬೇಕು, ಮುಖ ಒಲೆಯ ಬಾಯಿಗೇ ಇರಬೇಕು, ಉರಿ ಮೇಲಕ್ಕೆ ಹಾರುತ್ತದೆ. ಕಣಗಿಲೆ, ಕಳ್ಳಿ ಒಲೆಗೆ ಹಾಕಬೇಡಿ, ಅವುಗಳ ಹೊಗೆ ವಿಷ. ಬಣ್ಣ ಹಚ್ಚಿದ ಹಳೇ ಬಾಗಿಲು, ಪ್ಲೈವುಡ್, ಗೊಬ್ಬರದ ಚೀಲ, ಕ್ರಿಮಿನಾಶಕದ ಡಬ್ಬಿ ಯಾವುದೂ ಒಲೆಯ ಹತ್ತಿರ ಬರಬಾರದು.

ಹಚ್ಚುವುದು ಹೀಗೆ. ನಿನ್ನೆಯ ಬೂದಿ ತೆಗೆಯಿರಿ. ಎರಡು ದಪ್ಪ ತುಂಡುಗಳನ್ನು ಒಲೆಯಲ್ಲಿ ಅಕ್ಕಪಕ್ಕ, ನಡುವೆ ಮೂರು ಬೆರಳು ಸಂದಿ ಬಿಟ್ಟು ಇಡಿ. ಸಂದಿಯಲ್ಲಿ ತೆಂಗಿನ ನಾರೋ ಒಣಗಿದ ಮೆಕ್ಕೆಜೋಳದ ಬೆಂಡೋ ಇರಲಿ. ಅದರ ಮೇಲೆ ಪೆನ್ಸಿಲ್ ದಪ್ಪದ ತೊಗರಿ ಕಡ್ಡಿಗಳನ್ನು ಅಡ್ಡಡ್ಡ ಇಡಿ, ಒತ್ತೊತ್ತಾಗಿ ಬೇಡ. ಮುಂದಿನಿಂದ ಕಡ್ಡಿ ಗೀರಿ ಹಚ್ಚಿ. ಸಣ್ಣ ಕಡ್ಡಿಗಳೆಲ್ಲ ಜೋರಾಗಿ ಹತ್ತಿದ ಮೇಲೆ ಹೆಬ್ಬೆರಳು ದಪ್ಪದವು, ಅವು ಹತ್ತಿದ ಮೇಲೆ ಮುಂಗೈ ದಪ್ಪದವು. ಅವಸರಕ್ಕೆ ದಪ್ಪದ್ದನ್ನು ತುರುಕಿದರೆ ಉರಿ ಸತ್ತು ಹೊಗೆ ಏಳುತ್ತದೆ. ಮೊದಲ ಹತ್ತು ನಿಮಿಷವೇ ಅತಿ ಹೆಚ್ಚು ಹೊಗೆಯ ಹೊತ್ತು. ಆಗ ಕೂಸುಗಳು, ಮುದುಕರು ಅಡುಗೆಮನೆಯಲ್ಲಿ ಇರಬಾರದು.

ಹತ್ತಿದ ಮೇಲೆ ಒಲೆಯ ಬಾಯಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಕಟ್ಟಿಗೆಯ ತುದಿ ಮಾತ್ರ ಉರಿಯುತ್ತಿರಲಿ, ಉರಿದಂತೆ ಒಳಗೆ ನೂಕುತ್ತಾ ಹೋಗಿ. ಕೆಳಗೆ ಒಂದು ಕಬ್ಬಿಣದ ಜಾಲರಿ ಇಟ್ಟು ಕಟ್ಟಿಗೆಯನ್ನು ನೆಲದಿಂದ ಮೂರು-ನಾಲ್ಕು ಬೆರಳು ಎತ್ತಿದರೆ ಗಾಳಿ ಅಡಿಯಿಂದ ಬರುತ್ತದೆ, ಬೂದಿ ಕೆಳಗೆ ಉದುರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಹೊಗೆ ಎಷ್ಟು ಇಳಿಯುತ್ತದೆ ಅಂತ ಮೊದಲ ದಿನವೇ ನಿಮಗೆ ಗೊತ್ತಾಗುತ್ತದೆ. ಊದುಗೊಳವೆಯನ್ನು ಮೇಲಿಂದ ಮೇಲೆ ಹಿಡಿಯಬೇಕಾಗಿ ಬಂದರೆ ಕಟ್ಟಿಗೆ ಹಸಿ ಇದೆ, ಇಲ್ಲವೆ ಒಲೆ ಉಸಿರುಕಟ್ಟಿದೆ ಅಂತ ಅರ್ಥ.

ಚಿಮಣಿ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಒಲೆಯೂ ಅದಕ್ಕೆ ತಕ್ಕಂತೆ ಇದ್ದರೆ ಬಹಳ ಮಟ್ಟಿಗೆ ಹೌದು. ಸುಮ್ನೆ ಒಲೆಯ ಹಿಂದೆ ಪೈಪ್ ನೆಟ್ಟರೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು 1980ರ ದಶಕದಲ್ಲಿ 'ಅಸ್ತ್ರ ಒಲೆ' ರೂಪಿಸಿದರು. ಮುಚ್ಚಿದ ಒಲೆ, ಅಡಿಯಲ್ಲಿ ಜಾಲರಿ, ಸಾಲಾಗಿ ಪಾತ್ರೆ ಕೂರುವ ಗುಂಡಿಗಳು, ಕೊನೆಗೆ ಚಿಮಣಿ. ಬಿಸಿಗಾಳಿ ಎಲ್ಲ ಪಾತ್ರೆಯ ತಳ ಸವರಿಕೊಂಡು ಹೊರಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥ ಒಲೆ ಕಟ್ಟಿಸಿ ಬಿಟ್ಟವರನ್ನೂ ನಾನು ಬಹಳ ಕಂಡಿದ್ದೇನೆ. ಕಾರಣ ಕೇಳಿದರೆ ಒಂದೇ ಉತ್ತರ: ರೊಟ್ಟಿ ಆನಿಸಲು ಜಾಗ ಇಲ್ಲ. ಬಾಯಿ ಸಣ್ಣದು, ಕೆಂಡ ಒಳಗೆ ದೂರ. ಒಂದು ದಿನ ಸಿಟ್ಟಿಗೆದ್ದು ಬಾಯಿ ಒಡೆದು ದೊಡ್ಡದು ಮಾಡುತ್ತಾರೆ, ಅಲ್ಲಿಗೆ ಚಿಮಣಿಯ ಎಳೆತ ಹೋಗುತ್ತದೆ. ಅದಕ್ಕೆ ಕಟ್ಟುವವರಿಗೆ ಮೊದಲೇ ಹೇಳಿ, ಇದು ಜೋಳದ ರೊಟ್ಟಿಯ ಒಲೆ ಅಂತ. ಬಾಯಿಯ ಮುಂದೆ ಕೆಂಡ ಎಳೆದುಕೊಳ್ಳಲು ಒಂದು ಗೇಣು ಕಟ್ಟೆ ಬಿಡಿಸಿ. ಹಂಚು ಗುಂಡಿಯ ಮೇಲೆ ಸಂದಿ ಇಲ್ಲದಂತೆ ಕೂರಬೇಕು. ಸಂದಿ ಇದ್ದರೆ ಹೊಗೆ ಅಲ್ಲಿಂದಲೇ ಬರುತ್ತದೆ.

ಪೈಪಿನ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮನೆ ಕಟ್ಟಿಸಿದಾಗ ಉಳಿದ ಪಿವಿಸಿ ಪೈಪನ್ನು ಚಿಮಣಿಗೆ ಹಾಕುವವರಿದ್ದಾರೆ. ಅದು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಉರಿದರೆ ವಿಷದ ಹೊಗೆ ಬಿಡುತ್ತದೆ. ಹಳೇ ಸಿಮೆಂಟ್ ಪೈಪುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಕಬ್ಬಿಣದ ತಗಡಿನದು ಇಲ್ಲವೆ ಸುಟ್ಟ ಮಣ್ಣಿನದು ಹಾಕಿಸಿ. ನಾಲ್ಕು ಇಂಚಿಗಿಂತ ಸಣ್ಣದು ಬೇಡ. ಸ್ಲ್ಯಾಬ್ ಕೊರೆಯುವ ಬದಲು ಗೋಡೆಯಿಂದ ಹೊರಗೆ ತೆಗೆದು ಮೇಲಕ್ಕೆ ಒಯ್ಯಬಹುದು, ಆದರೆ ತಿರುವು ಒಂದೋ ಎರಡೋ ಇರಲಿ, ಅಷ್ಟೇ. ತುದಿ ಪ್ಯಾರಾಪೆಟ್ ಗೋಡೆಗಿಂತ ಎರಡು-ಮೂರು ಅಡಿ ಮೇಲಿರಬೇಕು, ಮೇಲೆ ಮಳೆಗೆ ಟೋಪಿ ಬೇಕು. ಪಕ್ಕದ ಮನೆಯ ಕಿಟಕಿಗೆ ಮುಖ ಮಾಡಬೇಡಿ. ಒಳಗೆ ಮಸಿ, ಡಾಂಬರಿನಂಥ ಅಂಟು ಕಟ್ಟುತ್ತದೆ. ಅದು ಒಂದು ದಿನ ತಾನೇ ಹೊತ್ತಿಕೊಳ್ಳಬಹುದು. ತಿಂಗಳಿಗೊಮ್ಮೆ ಹಗ್ಗಕ್ಕೆ ಕಲ್ಲು ಮತ್ತು ಗೋಣಿಯ ಉಂಡೆ ಕಟ್ಟಿ ಮೇಲಿನಿಂದ ಇಳಿಸಿ ಎಳೆದಾಡಿದರೆ ಉದುರುತ್ತದೆ. ಮಾಳಿಗೆ ಏರುವವರು ಗಟ್ಟಿ ಏಣಿ ಇಟ್ಟುಕೊಳ್ಳಿ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಲದೇ ಅಂತ ಕೇಳುತ್ತಾರೆ. ಮೇಲ್ಗಡೆ, ಸ್ಲ್ಯಾಬಿಗೆ ಹತ್ತಿರ ಇದ್ದು, ಕೆಳಗಡೆ ಒಂದು ಕಿಟಕಿಯೋ ಬಾಗಿಲೋ ತೆರೆದಿದ್ದರೆ ಉಪಯೋಗ ಇದೆ. ಎಲ್ಲ ಮುಚ್ಚಿ ಫ್ಯಾನ್ ಹಾಕಿದರೆ ಅದು ಚಿಮಣಿಯಿಂದಲೇ ಗಾಳಿ ಎಳೆದು ಹೊಗೆಯನ್ನು ಒಳಗೆ ತರುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ ಕೇಳಿದರೆ, ಒಲೆಯನ್ನು ಅಡುಗೆಮನೆಯಿಂದ ಹಿತ್ತಲಿಗೆ ಒಯ್ಯಿರಿ. ಇದಕ್ಕೆ ಹೊಗೆಯ ಜೊತೆ ಇನ್ನೊಂದು ಬಲವಾದ ಕಾರಣ ಇದೆ. ನಿಮ್ಮ ಗ್ಯಾಸ್ ಸಿಲಿಂಡರ್ ಅದೇ ಅಡುಗೆಮನೆಯಲ್ಲಿದೆ. ಗ್ಯಾಸ್ ಸೋರಿದರೆ ಅದು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಿಯುತ್ತದೆ. ನಿಮ್ಮ ಕಟ್ಟಿಗೆ ಒಲೆ ಇರುವುದೂ ನೆಲದ ಮೇಲೇ. ರಾತ್ರಿ ಬೂದಿಯಡಿ ಉಳಿದ ಕೆಂಡಕ್ಕೆ ಆ ಗ್ಯಾಸ್ ತಲುಪಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಎರಡು ಒಲೆ ಒಂದೇ ಕೋಣೆಯಲ್ಲಿ ಬೇಡ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಬಂದು 1906ಕ್ಕೆ ಫೋನ್ ಮಾಡಿ.

ಹಿತ್ತಲಲ್ಲಿ ನಾಲ್ಕು ಕಂಬ, ಮೇಲೆ ತಗಡು, ಪಶ್ಚಿಮಕ್ಕೆ ಒಂದು ಗೋಡೆ, ಉಳಿದ ಮೂರು ಕಡೆ ತೆರೆದಿರಲಿ. ಮಳೆಗಾಲದ ಜೋರು ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ ಬರುತ್ತದೆ, ಅದಕ್ಕೆ ಗೋಡೆ ಆ ಕಡೆ. ಒಲೆಯನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಹೂಡಿದರೆ ಮಕ್ಕಳು, ಕೋಳಿ, ನಾಯಿ ಹತ್ತಿರ ಬರುವುದಿಲ್ಲ, ನಿಮ್ಮ ಬೆನ್ನಿಗೂ ಸುಖ. ಕೂತು ರೊಟ್ಟಿ ಬಡಿಯುವ ರೂಢಿ ಬಿಡಲು ಆಗದಿದ್ದರೆ ಒಂದು ಅಡಿ ಕಟ್ಟೆಯಾದರೂ ಮಾಡಿ, ಸುತ್ತ ಮೂರು ಅಡಿ ಗೆರೆ ಎಳೆದು ಮಕ್ಕಳಿಗೆ ತೋರಿಸಿ. ಬೇಸಿಗೆಯ ಬಿಸಿಗಾಳಿಯಲ್ಲಿ ಹೊರಗೆ ಕೂರುವುದು ಕಷ್ಟ, ಒಪ್ಪುತ್ತೇನೆ. ಬಿಸಿಲೇರುವ ಮುಂಚೆ ರೊಟ್ಟಿ ಮುಗಿಸಿ, ಪಲ್ಯ ಸಾರು ಗ್ಯಾಸಿನ ಮೇಲೆ ಮಾಡಿಕೊಳ್ಳಿ.

ಹೊರಗಿನ ಒಲೆಗೆ ಇರುವ ದೊಡ್ಡ ಅಪಾಯ ಕಿಡಿ. ಬಣವೆ ಇರುವ ಕಡೆ ಒಲೆ ಹೂಡಬೇಡಿ, ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಇರಲಿ. ಹತ್ತಿ ಬಿಡಿಸಿದ ಮೇಲೆ ಒಳ್ಳೆ ದರ ಬರಲಿ ಅಂತ ಕೋಣೆಯಲ್ಲಿ, ಪಡಸಾಲೆಯಲ್ಲಿ ಹತ್ತಿ ಸುರಿದಿಡುವ ಮನೆಗಳಿವೆ. ಆ ತಿಂಗಳುಗಳಲ್ಲಿ ಮನೆಯೊಳಗೆ ಉರಿಯುವ ಕಟ್ಟಿಗೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲೇಬೇಡಿ. ಹತ್ತಿಗೆ ಬಿದ್ದ ಕಿಡಿ ಒಳಗೊಳಗೇ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಏಳುತ್ತದೆ.

ದನ ಇದ್ದರೆ ಗೋಬರ್ ಗ್ಯಾಸ್ ಕೂಡ ಯೋಚಿಸಿ. ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದನ. ಇಲ್ಲದಿದ್ದರೆ ಅದರ ಗೋಜಿಗೆ ಹೋಗಬೇಡಿ.

ಕೆಲಸ ಮುಗಿದ ಮೇಲೆ ಕಟ್ಟಿಗೆಗಳನ್ನು ಹೊರಗೆಳೆದು ಮರಳಿನಲ್ಲಿ ಚುಚ್ಚಿ ಆರಿಸಿ. ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ತುಂಬಬೇಡಿ, ತಿಪ್ಪೆಗೆ ಕೂಡಲೇ ಚೆಲ್ಲಬೇಡಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮಾರನೇ ದಿನದವರೆಗೂ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹೊರಗಿಡಿ, ಎರಡು ದಿನ ಬಿಟ್ಟು ತಿಪ್ಪೆಗೆ ಹಾಕಿ.

ನೈಲಾನ್, ಪಾಲಿಯೆಸ್ಟರ್ ಸೀರೆ ಉಟ್ಟು ಒಲೆಯ ಮುಂದೆ ಕೂರಬೇಡಿ, ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಸೀರೆ ಇರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಒಂದು ಬಕೆಟ್ ನೀರು, ಒಂದು ಕುರಿ ಉಣ್ಣೆಯ ಕಂಬಳಿ ಕೈಗೆಟಕುವಂತೆ ಇರಲಿ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ. ಬಟ್ಟೆಗೆ ಬೆಂಕಿ ತಾಗಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು, ಬೇರೆಯವರು ಕಂಬಳಿ ಸುತ್ತಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಬಳೆ, ಉಂಗುರ ಊದುವ ಮುಂಚೆಯೇ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಅರಿಷಿಣ, ತುಪ್ಪ ಹಚ್ಚಬೇಡಿ. ಅಂಟಿದ ಬಟ್ಟೆ ಕೀಳಬೇಡಿ. ಅಂಗೈಗಿಂತ ದೊಡ್ಡ ಗಾಯ ಆಗಿದ್ದರೆ, ಮುಖಕ್ಕೆ ಆಗಿದ್ದರೆ, ಮಕ್ಕಳಿಗೆ ಆಗಿದ್ದರೆ 108ಕ್ಕೆ ಫೋನ್ ಮಾಡಿ.

ಕೊನೆಗೆ ನಿಮ್ಮ ತಲೆನೋವಿನ ವಿಷಯ. ರೊಟ್ಟಿ ಮಾಡುವಾಗ ಬಂದು, ಹೊರಗೆ ಹೋಗಿ ಸ್ವಲ್ಪ ಹೊತ್ತು ಕೂತರೆ ಇಳಿಯುತ್ತದೆಯಾ, ಗಮನಿಸಿ. ಅಡುಗೆಮನೆಯಲ್ಲಿ ಇದ್ದ ಬೇರೆಯವರಿಗೂ ಅದೇ ಹೊತ್ತಿಗೆ ಬರುತ್ತದೆಯಾ ಕೇಳಿ. ಹೌದಾದರೆ ಅದು ಬರೀ ಹೊಗೆಯ ಕಿರಿಕಿರಿ ಅಲ್ಲ, ಆ ವಿಷಾನಿಲವೂ ಸೇರಿರಬಹುದು. ಡಾಕ್ಟರ ಹತ್ತಿರ ಹೋದಾಗ 'ತಲೆನೋವು' ಅಂತಷ್ಟೇ ಹೇಳಬೇಡಿ, ಮುಚ್ಚಿದ ಅಡುಗೆಮನೆಯಲ್ಲಿ ಕಟ್ಟಿಗೆ ಉರಿಸುತ್ತೇವೆ ಅಂತಲೂ ಹೇಳಿ. ಅದಕ್ಕೆ ಬೇರೆಯೇ ರಕ್ತ ಪರೀಕ್ಷೆ ಇದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ಅನಿಲ ಹಿಡಿದ ರಕ್ತವನ್ನು ಗುರುತಿಸುವುದಿಲ್ಲ. ಅದು 98 ತೋರಿಸಿತು ಅಂತ ಸಮಾಧಾನ ಪಟ್ಟುಕೊಂಡು ಮನೆಗೆ ಬಂದುಬಿಡಬೇಡಿ.